ಡಿಪ್ ರಾಡ್ ಹೇಳದ್ದನ್ನು ಕಂಪ್ಯೂಟರ್ ಹೇಳಬಾರದು

ನಮ್ಮ ಕಾಲೇಜಿನ ಕಾಮರ್ಸ್ ವಿಭಾಗದವರಿಗೆ ಟ್ಯಾಲಿ ಹೊಸದಲ್ಲ. ಅದರಲ್ಲಿ ಲೀಟರ್, ಕಿಲೋ ಮುಂತಾದ ಯೂನಿಟ್‌ಗಳನ್ನು ಸೇರಿಸುವಾಗ ಒಂದು ಸಣ್ಣ ಪ್ರಶ್ನೆ ಎದುರಾಗುತ್ತದೆ: ದಶಮಾಂಶ ಸ್ಥಾನ ಎಷ್ಟು? 0ಯಿಂದ 4ರವರೆಗೆ ಯಾವುದನ್ನಾದರೂ ಕೊಡಬಹುದು. ಹೆಚ್ಚು ಕೊಟ್ಟಷ್ಟೂ ಲೆಕ್ಕ ಪಕ್ಕಾ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಟ್ಯಾಂಕಿನಲ್ಲಿರುವ ಸರಕಿನ ಮಟ್ಟಿಗೆ ಈ ನಂಬಿಕೆ ತಪ್ಪು ಮಾತ್ರವಲ್ಲ, ಅದರಿಂದ ಬಡವರ ಸಂಬಳಕ್ಕೂ ಕತ್ತರಿ ಬೀಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಪೆಟ್ರೋಲ್ ಬಂಕನ್ನೇ ತೆಗೆದುಕೊಳ್ಳೋಣ. ನೆಲದಡಿಯ ಟ್ಯಾಂಕ್ ಎಂದರೆ ಅಡ್ಡ ಮಲಗಿಸಿದ ಸಿಲಿಂಡರ್. ಒಳಗೆ ಡಿಪ್ ರಾಡ್ ಇಳಿಸಿ, ಅದು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಓದುತ್ತಾರೆ. ಆ ಎತ್ತರವನ್ನು ಚಾರ್ಟ್ ಅಥವಾ ಸಾಫ್ಟ್‌ವೇರ್ ಲೀಟರಿಗೆ ಪರಿವರ್ತಿಸುತ್ತದೆ. ವ್ಯಾಸ 2 ಮೀಟರ್, ಉದ್ದ 6.4 ಮೀಟರ್ ಇರುವ ಟ್ಯಾಂಕಿನಲ್ಲಿ ಸುಮಾರು 20,000 ಲೀಟರ್ ಹಿಡಿಯುತ್ತದೆ. ಅದು ಅರ್ಧ ತುಂಬಿದಾಗ, ಅಂದರೆ ಮಟ್ಟ 100.0 ಸೆಂಟಿಮೀಟರ್ ಇದ್ದಾಗ, ಕಂಪ್ಯೂಟರ್ 10,053.10 ಲೀಟರ್ ಎಂದು ತೋರಿಸುತ್ತದೆ. ಒಂದು ಮಿಲಿಮೀಟರ್ ಇಳಿದು 99.9 ಆದರೆ 10,040.30 ಲೀಟರ್. ಇವೆರಡರ ನಡುವೆ ಸುಮಾರು 13 ಲೀಟರ್ ಅಂತರವಿದೆ. ಮಿಲಿಮೀಟರ್ ಗುರುತಿನ ಕೋಲಿಗೆ ಆ ಅಂತರದೊಳಗೆ ಏನಿದೆ ಎಂಬುದು ಗೊತ್ತೇ ಇಲ್ಲ. ಹಾಗಿರುವಾಗ ಲೀಟರಿನ ನೂರನೇ ಒಂದು ಭಾಗವನ್ನು ಬರೆದು ತೋರಿಸುವುದು ಬರೀ ಅಲಂಕಾರ.

ಟ್ಯಾಂಕಿನ ತಳದಲ್ಲಿ ಲೆಕ್ಕ ಬೇರೆ. ಮಟ್ಟ 10 ಸೆಂಟಿಮೀಟರ್ ಇರುವಾಗ ಅದೇ ಒಂದು ಮಿಲಿಮೀಟರ್‌ಗೆ ಐದೂವರೆ ಲೀಟರ್ ಆಸುಪಾಸು. ಇನ್ನು ಬಿಸಿಲಿನ ಪ್ರಭಾವ: 10,000 ಲೀಟರ್ ಪೆಟ್ರೋಲಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು 10 ಲೀಟರ್ ಹಿಗ್ಗುತ್ತದೆ. ಫಸ್ಟ್ ಪಿಯುಸಿ ಭೌತಶಾಸ್ತ್ರದಲ್ಲಿ ಸಿಗ್ನಿಫಿಕೆಂಟ್ ಫಿಗರ್ಸ್ ಓದಿದ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತೇವೆ. ಸಾಫ್ಟ್‌ವೇರ್ ಮುಂದೆ ಕೂತಾಗ ಮರೆಯುತ್ತೇವೆ.

ಮರೆತರೆ ಏನಾಗುತ್ತದೆ? ಬಂಕಿನ ಮೆಷಿನ್ ಲೀಟರಿನ ನೂರನೇ ಭಾಗದವರೆಗೆ ಅಳೆದು ಕೊಡುತ್ತದೆ. ಹಾಗಾಗಿ ಮಾರಾಟದ ಲೆಕ್ಕದಲ್ಲಿ ಎರಡು ದಶಮಾಂಶ ಸ್ಥಾನಕ್ಕೆ ಅರ್ಥವಿದೆ. ಡಿಪ್ ಲೆಕ್ಕಕ್ಕೂ ಅದೇ ಎರಡು ಸ್ಥಾನ ಕೊಟ್ಟು ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಜಾತಿಯ ಸಂಖ್ಯೆಗಳಂತೆ ಕಾಣುತ್ತವೆ. ನನ್ನ ಮಾಮ ಕೆಲಸ ಮಾಡುವ ಬಂಕಿನಲ್ಲಿ ಒಮ್ಮೆ ರಾತ್ರಿ ಪಾಳಿಯ ಲೆಕ್ಕದಲ್ಲಿ 25.60 ಲೀಟರ್ ಕಡಿಮೆ ಬಂತು. ಆ ಹಣವನ್ನು ಇಬ್ಬರು ಹುಡುಗರ ಸಂಬಳದಿಂದ ಹಿಡಿದರು. ಮೇಲೆ ಹೇಳಿದಂಥ ಟ್ಯಾಂಕಿನಲ್ಲಿ 25.60 ಲೀಟರ್ ಎಂದರೆ ಎರಡು ಮಿಲಿಮೀಟರ್. ಕೋಲು ಓದಿದವನ ಕಣ್ಣು ಅಷ್ಟು ಆಚೀಚೆ ಆಗುವುದು ಸಹಜ. ಆದರೆ ದಶಮಾಂಶದ ಮುಂದಿನ ಆ 60 ನೋಡಿದವರಿಗೆ ಇದು ಅಂದಾಜು ಎಂದು ಅನಿಸುವುದಾದರೂ ಹೇಗೆ?

ಹಾಗೆಂದು ಎಲ್ಲವನ್ನೂ ಪೂರ್ಣಾಂಕ ಮಾಡಿಬಿಡಿ ಎಂದು ನಾನು ಹೇಳುತ್ತಿಲ್ಲ. ಮಟ್ಟವನ್ನು ಮಿಲಿಮೀಟರ್‌ವರೆಗೆ ಬರೆದುಕೊಳ್ಳಲೇಬೇಕು. ಸಾಫ್ಟ್‌ವೇರ್ ಬರೀ ಸೆಂಟಿಮೀಟರ್ ಸ್ವೀಕರಿಸಿದರೆ ಅರ್ಧ ಟ್ಯಾಂಕಿನಲ್ಲಿ 64 ಲೀಟರ್‌ವರೆಗೆ ವ್ಯತ್ಯಾಸ ಬರಬಹುದು. ಲೆಕ್ಕದ ಒಳಗೆ ಎಲ್ಲ ದಶಮಾಂಶಗಳೂ ಇರಲಿ. ರೌಂಡ್ ಮಾಡುವುದು ಕೊನೆಯ ಸಾಲಿನಲ್ಲಿ ಮಾತ್ರ. ಪರದೆಯ ಮೇಲೆ ಪೂರ್ಣ ಲೀಟರ್ ಸಾಕು, ಪಕ್ಕದಲ್ಲಿ 'ಎಷ್ಟು ಆಚೀಚೆ' ಎಂಬುದೂ ಇರಬೇಕು. ಸ್ವಯಂಚಾಲಿತ ಗೇಜ್ ಇರುವಲ್ಲಿ ಆ ಗೇಜ್ ಎಷ್ಟು ಸೂಕ್ಷ್ಮವೋ ಅದಕ್ಕೆ ತಕ್ಕಂತೆ.

'ಇಷ್ಟು ಲೀಟರ್ ಆಚೀಚೆ ಇರಲಿ ಎಂದರೆ ಕಳ್ಳನಿಗೆ ಬಾಗಿಲು ತೆರೆದಂತೆ' ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಣ್ಣಿನ ತಪ್ಪು ಒಂದು ದಿನ ಹೆಚ್ಚು ತೋರಿಸಿದರೆ ಇನ್ನೊಂದು ದಿನ ಕಡಿಮೆ ತೋರಿಸುತ್ತದೆ. ಕಳ್ಳತನ ದಿನವೂ ಒಂದೇ ಕಡೆಗೆ ವಾಲುತ್ತದೆ. ಒಂದು ದಿನದ ವ್ಯತ್ಯಾಸ ನೋಡಿ ಸಂಬಳ ಹಿಡಿಯುವ ಬದಲು ತಿಂಗಳ ಮೊತ್ತ ನೋಡಿದರೆ ಕಳ್ಳ ತಾನಾಗಿಯೇ ಕಾಣಿಸಿಕೊಳ್ಳುತ್ತಾನೆ.

ಒಂದೇ ಕಡೆ ವಾಲುವ ತಪ್ಪು ಕಂಪ್ಯೂಟರಿನಿಂದಲೂ ಆಗುತ್ತದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರ ಜನವರಿಯಲ್ಲಿ 1000ದಿಂದ ಶುರುವಾಯಿತು. ಪ್ರತಿ ಬಾರಿ ಲೆಕ್ಕ ಮಾಡುವಾಗಲೂ ಮೂರನೇ ದಶಮಾಂಶದ ನಂತರದ್ದನ್ನು ರೌಂಡ್ ಮಾಡದೆ ಕತ್ತರಿಸಿ ಎಸೆಯುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 525ರ ಆಸುಪಾಸಿಗೆ ಕುಸಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ದಾಟಿತ್ತು!

ಎಷ್ಟು ದಶಮಾಂಶ ಬೇಕು ಎಂಬ ಪ್ರಶ್ನೆಗೆ ಸರಿಯಾದ ದಾರಿ ತೋರಿಸಿದವರು ಸಮರ್ಕಂದ್‌ನ ಗಣಿತಜ್ಞ ಜಮ್ಶೀದ್ ಅಲ್ ಕಾಶಿ. 1424ರಲ್ಲಿ ಅವರು ಪೈಯ ಇಮ್ಮಡಿ ಬೆಲೆಯನ್ನು 16 ದಶಮಾಂಶ ಸ್ಥಾನದವರೆಗೆ ಕಂಡುಹಿಡಿದರು. ಭೂಮಿಯ ವ್ಯಾಸದ 6 ಲಕ್ಷ ಪಟ್ಟು ದೊಡ್ಡ ವೃತ್ತದ ಸುತ್ತಳತೆಯಲ್ಲೂ ಕುದುರೆ ಕೂದಲಿನ ದಪ್ಪದಷ್ಟು ತಪ್ಪು ಬರಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡೇ ಅವರು ಲೆಕ್ಕಕ್ಕೆ ಕೂತದ್ದು. ಎಷ್ಟು ನಿಖರತೆ ಬೇಕು ಎಂಬುದು ಮೊದಲು ತೀರ್ಮಾನವಾಯಿತು. ಅಂಕಿಗಳು ಆಮೇಲೆ ಬಂದವು.

ಅಳತೆಯಲ್ಲಿ ಮೋಸ ಮಾಡುವವರನ್ನು ಕುರ್‌ಆನ್‌ನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಕಠಿಣವಾಗಿ ಎಚ್ಚರಿಸುತ್ತದೆ. ಅದನ್ನು ನಾವು ತಕ್ಕಡಿ ಹಿಡಿದ ವ್ಯಾಪಾರಿಗೆ ಮಾತ್ರ ಅನ್ವಯಿಸುತ್ತೇವೆ. ನಾಳೆ ನಮ್ಮಲ್ಲೇ ಕೆಲವರು ಇಂಥ ಸಾಫ್ಟ್‌ವೇರ್ ಬರೆಯುತ್ತೇವೆ, ಇನ್ನು ಕೆಲವರು ಅದರ ವರದಿ ನೋಡಿ ಸಹಿ ಹಾಕುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದು ಒಬ್ಬನ ದುಡಿಮೆಯಿಂದ ಹಣ ಹಿಡಿಯುವುದೂ ಅಳತೆಯ ಮೋಸವೇ. ದಶಮಾಂಶ ಸ್ಥಾನದ ಪೆಟ್ಟಿಗೆ ತುಂಬುವ ಮೊದಲು ಒಮ್ಮೆ ಎದ್ದು ಹೋಗಿ ಆ ಕೋಲಿನ ಗೆರೆಗಳನ್ನು ನೋಡಿ ಬನ್ನಿ.