ತಾಂತ್ರಿಕ ವಿದ್ಯೆಯೂ ಮನೆಮಾತೂ

ಮಳವಳ್ಳಿ ತಾಲ್ಲೂಕಿನ ತಾಯಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಮಗನು ಹತ್ತನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ, ಮದ್ದೂರಿನಲ್ಲಿ ಪಿ.ಯು.ಸಿ. ವಿಜ್ಞಾನವನ್ನು ಮುಗಿಸಿರುವನಂತೆ. “ಎಂಜಿನಿಯರಿಂಗನ್ನು ಕನ್ನಡದಲ್ಲಿಯೂ ಕಲಿಸುವರೆಂದು ಕೇಳಿದ್ದೇವೆ; ಹುಡುಗನಿಗೆ ಇಂಗ್ಲಿಷೆಂದರೆ ಅಂಜಿಕೆ; ಅಲ್ಲಿಗೆ ಸೇರಿಸಬಹುದೇ?” ಎಂಬುದು ಅವರ ಪ್ರಶ್ನೆ. ಈ ಅಂಜಿಕೆಯು ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಅವರು ಕೇಳಿದ್ದು ಸುಳ್ಳಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯವರು ೨೦೨೧ರಲ್ಲಿ ಕನ್ನಡವೂ ಸೇರಿದಂತೆ ಹನ್ನೊಂದು ದೇಶಭಾಷೆಗಳಲ್ಲಿ ಈ ವಿದ್ಯೆಯನ್ನು ಕಲಿಸಲು ಅನುಮತಿಯಿತ್ತರು. ಪುಸ್ತಕಗಳನ್ನು ತಿರುಗಿಸಲೆಂದು ‘ಅನುವಾದಿನಿ’ ಎಂಬ ಯಾಂತ್ರಿಕ ಸಾಧನವನ್ನೂ ಸಿದ್ಧಪಡಿಸಿದರು. ಆದರೆ ಕರ್ನಾಟಕದಲ್ಲಿ ಆ ವರ್ಷ ಕನ್ನಡದ ಸ್ಥಾನಗಳು ತುಂಬಲೇ ಇಲ್ಲ. ೨೦೨೦ರ ರಾಷ್ಟ್ರೀಯ ನೀತಿಯನ್ನು ಒಂದು ಸರ್ಕಾರವು ೨೦೨೧ರಲ್ಲಿ ಅವಸರದಿಂದ ಜಾರಿಗೆ ತಂದಿತು. ಮುಂದಿನದು ೨೦೨೩ರಲ್ಲಿ ಬೇರೆ ಆಯೋಗವನ್ನು ನೇಮಿಸಿ, ೨೦೨೪ರಲ್ಲಿ ಪದವಿಯನ್ನು ಪುನಃ ಮೂರು ವರ್ಷಕ್ಕಿಳಿಸಿತು. ದೊಡ್ಡವರ ಈ ಜಗ್ಗಾಟದಲ್ಲಿ ಹುಡುಗನ ಭಾಷೆಯ ಕಷ್ಟವನ್ನು ವಿಚಾರಿಸಿದವರು ವಿರಳ.

ಸ್ಥಾನಗಳು ಬರಿದಾಗಿ ಉಳಿದುದಕ್ಕೆ ಕನ್ನಡಾಭಿಮಾನದ ಕೊರತೆಯೇ ಕಾರಣವೆಂದು ಕೆಲವರು ದೂರುವರು. ನಮಗೆ ಹಾಗೆ ತೋರದು. ಪಿ.ಯು.ಸಿ.ಯಲ್ಲಿ ವಿಜ್ಞಾನದ ಪಾಠವು ಬಹುತೇಕ ಎಲ್ಲೆಡೆಯೂ ಇಂಗ್ಲಿಷಿನಲ್ಲಿಯೇ ನಡೆಯುವುದು. ಎರಡು ವರ್ಷ ಒದ್ದಾಡಿ ಆ ಹೊಳೆಯನ್ನು ಹೇಗೋ ಈಜಿ ದಾಟಿದವನ ಮುಂದೆ, ದಡದಲ್ಲಿ ದೋಣಿಯನ್ನು ತಂದು ನಿಲ್ಲಿಸಿದರೆ ಅವನು ಏಕೆ ಏರಿಯಾನು? ದೋಣಿ ಬೇಕಾಗಿದ್ದುದು ಈಚೆಯ ದಡದಲ್ಲಿ.

ಇನ್ನು ಪರಿಭಾಷೆಯ ವಿಚಾರ. ಸಂಸ್ಕೃತವನ್ನೇ ಓದಿ ಬೆಳೆದ ನಮಗೆ ‘ವೇಗೋತ್ಕರ್ಷ’, ‘ವಿಭವಾಂತರ’ ಎಂಬ ಶಾಲಾಪುಸ್ತಕದ ಶಬ್ದಗಳು ಕಿವಿಗೆ ಬಹಳ ಇಂಪು. ಆದರೆ ನಮಗೆ ಇಂಪಾದುದೆಲ್ಲ ಬಾಲಕನಿಗೆ ಸುಗಮವಾಗಬೇಕೆಂದಿಲ್ಲ. ಮಳವಳ್ಳಿಯ ರೈತನು ಕರೆಂಟು, ಫ್ಯೂಸು, ಸ್ಟಾರ್ಟರು, ತ್ರೀ ಫೇಸು ಎಂದೇ ಹೇಳಿ ತನ್ನ ಪಂಪನ್ನು ತಾನೇ ಸರಿಪಡಿಸಿಕೊಳ್ಳುವನು. ಅವನದೂ ಕನ್ನಡವೇ ಅಲ್ಲವೇ? ಶಿವನಸಮುದ್ರದಲ್ಲಿ ೧೯೦೨ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ತಾಲ್ಲೂಕಿದು! ಯಂತ್ರಾನುವಾದಕ್ಕಾದರೋ ಈ ವಿವೇಕವಿಲ್ಲ. ತಂತಿಯಲ್ಲಿ ಹರಿಯುವ ಕರೆಂಟನ್ನು ಅದು ‘ಪ್ರಸ್ತುತ’ ಎಂದು ತಿರುಗಿಸಿದುದನ್ನು ಕಂಡು ನಕ್ಕಿದ್ದೇವೆ. ವಿಷಯವನ್ನು ಬಲ್ಲ ಅಧ್ಯಾಪಕನು ತಿದ್ದದೆ ಅಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡತಕ್ಕುದಲ್ಲ.

ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಂತೂ ಒಪ್ಪತಕ್ಕುದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ೧೯೧೮ರಲ್ಲಿಯೇ ಹೊರಡಿಸಿದ್ದರು. ಮಂಡ್ಯದಲ್ಲಿ ಕೆ. ವಿ. ಶಂಕರಗೌಡರು ೧೯೬೨ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ್ದರಿಂದ ಈ ವಿದ್ಯೆಯು ರೈತರ ಮಕ್ಕಳ ಮನೆಬಾಗಿಲಿಗೆ ಬಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರು ಕನ್ನಡಿಗರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಹೊರಗಿನವರಿಗೆ ‘ಬಳಕೆ ಕನ್ನಡ’ವನ್ನೂ ಪಾಠವಾಗಿಟ್ಟಿರುವರು, ಸಂತೋಷವೇ. ಆದರೆ ಎಂಜಿನಿಯರಿಂಗನ್ನು ವಿವರಿಸುವ ಕನ್ನಡವು ಎರಡರಲ್ಲಿಯೂ ಇಲ್ಲ!

ಆ ತಾಯಿಯವರಿಗೆ ನಮ್ಮ ಸಲಹೆಯಿಷ್ಟು. ಹುಡುಗನನ್ನು ಸಮೀಪದ ಒಳ್ಳೆಯ ಕಾಲೇಜಿಗೇ ಸೇರಿಸಿರಿ. ಇಂಗ್ಲಿಷಿನ ಪುಸ್ತಕವನ್ನೇ ಓದಲಿ. ಆದರೆ ಹತ್ತನೆಯ ತರಗತಿಯ ಕನ್ನಡ ವಿಜ್ಞಾನಪುಸ್ತಕವನ್ನು ರದ್ದಿಗೆ ಹಾಕಬೇಡಿರಿ. ಪ್ರತಿ ಪಾಠದ ಹೊಸ ಶಬ್ದಗಳನ್ನು ಎರಡು ಭಾಷೆಗಳಲ್ಲಿಯೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು, ರಾತ್ರಿ ಊಟವಾದ ಮೇಲೆ ಆ ದಿನದ ಪಾಠವನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ಎಲ್ಲಿ ತಡವರಿಸುವನೋ ಅದನ್ನು ಗುರುತು ಹಾಕಿಕೊಂಡು ಮರುದಿನ ಉಪಾಧ್ಯಾಯರನ್ನು ಕೇಳಲಿ. ಕನ್ನಡದಲ್ಲಿ ಕೇಳಲು ನಾಚಬೇಕಾದುದಿಲ್ಲ.