ಗೆದ್ದ ತಾಳಿಕೋಟೆ, ಓದದ ಶಾಸನ

ಕುರುಡುಮಲೆಯ ಸೋಮೇಶ್ವರ ದೇವಾಲಯದ ಅಂಗಳದಲ್ಲಿ ನಿಂತು ಯಾರನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: ಗುಡಿಯ ಅರ್ಧ ಜಕಣಾಚಾರಿಯದು, ಉಳಿದರ್ಧ ಅವನ ಮಗ ಡಂಕಣನದು. ಈಚೆಗೆ ಅಲ್ಲಿಗೆ ಕರೆದೊಯ್ದಿದ್ದ ನನ್ನ ವಿದ್ಯಾರ್ಥಿಗಳು ಇದನ್ನು ಶ್ರದ್ಧೆಯಿಂದ ಬರೆದುಕೊಂಡರು. ಈ ತಂದೆಮಕ್ಕಳ ಕತೆ ಬೇಲೂರಿನಲ್ಲಿಯೂ ಇದೆ, ತುಮಕೂರಿನ ಬಳಿಯ ಕೈದಾಳದಲ್ಲಿಯೂ ಇದೆ. ಆದರೆ ಬೇಲೂರಿನ ಕಲ್ಲುಗಳ ಮೇಲಿರುವುದು ಬೇರೊಂದು ತಂದೆಮಕ್ಕಳ ಜೋಡಿ: ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಶಿಲ್ಪಿಗಳೇ ಬಿಟ್ಟುಹೋದ ಅಂಕಿತಗಳಿವು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಆ ಹೆಸರುಗಳು ತಿಳಿದಿರಲಿಲ್ಲ.

ಐತಿಹ್ಯವು ಇತಿಹಾಸದ ಪೀಠದಲ್ಲಿ ಇಷ್ಟು ನಿರಾಯಾಸವಾಗಿ ಕುಳಿತಿರುವ ನಾಡಿನಲ್ಲಿ 'ಪರ್ಯಾಯ ಇತಿಹಾಸ'ದ ಕಾದಂಬರಿ ಬರೆಯುವುದೆಂದರೇನು? ಈ ಪ್ರಶ್ನೆ ನನಗೆ ಎದುರಾದದ್ದು ಹಳೆಯ ವಿದ್ಯಾರ್ಥಿಯೊಬ್ಬನ ಹಸ್ತಪ್ರತಿಯಿಂದ. ಆತ ಇದೇ ಸೀಮೆಯವನು. ಸ್ವಂತ ಹಣದಿಂದ ತನ್ನ ಪುಸ್ತಕಗಳನ್ನು ತಾನೇ ಅಚ್ಚು ಹಾಕಿಸುತ್ತಾನೆ. ಯಾವ ಪ್ರಕಾಶಕನ ಹಂಗೂ ಇಲ್ಲದ ಆ ಧೈರ್ಯವನ್ನು ನಾನು ಗೌರವಿಸುತ್ತೇನೆ. ಮೂರು ಸಂಪುಟಗಳ ಅವನ ಯೋಜನೆಯ ಮೂಲ ಕಲ್ಪನೆ ಇಷ್ಟೆ: 1565ರ ಜನವರಿಯಲ್ಲಿ ರಕ್ಕಸತಂಗಡಿಯಲ್ಲಿ ರಾಮರಾಯ ಗೆಲ್ಲುತ್ತಾನೆ. ಮೊದಲ ಸಂಪುಟಕ್ಕೆ ಮುನ್ನುಡಿ ಬೇಕೆಂದು ಕೇಳಿದ್ದ.

ಇತಿಹಾಸದಲ್ಲಿ 'ಹಾಗಾಗಿದ್ದರೆ' ಎಂಬ ಮಾತಿಗೆ ಎಡೆಯಿಲ್ಲವೆಂದು ಮೂಗು ಮುರಿಯುವ ಸಹೋದ್ಯೋಗಿಗಳ ಪಕ್ಷದವನು ನಾನಲ್ಲ. ತಾಳಿಕೋಟೆಯ ಸೋಲಿನಿಂದ ಹಂಪೆ ಹಾಳಾಯಿತು ಎಂದೊಡನೆ, ಸೋಲದಿದ್ದರೆ ಹಾಳಾಗುತ್ತಿರಲಿಲ್ಲ ಎಂದೂ ಹೇಳಿದಂತಾಯಿತು. ಕಾರಣವನ್ನು ಹೇಳುವ ಪ್ರತಿಯೊಂದು ವಾಕ್ಯದ ಬೆನ್ನಿಗೂ ಒಂದು ಪರ್ಯಾಯ ಅಂಟಿಕೊಂಡಿರುತ್ತದೆ. ಮರಾಠಿಯಲ್ಲಿ ಜಯಂತ ನಾರಳೀಕರರು 1761ರ ಪಾಣಿಪತ್ತನ್ನು ಕುರಿತ ಕತೆಯಲ್ಲಿ ಈ ಪ್ರಕಾರದ ಮರ್ಯಾದೆಯನ್ನು ತೋರಿಸಿಕೊಟ್ಟರು. ಅಲ್ಲಿ ಬದಲಾಗುವುದು ಒಂದೇ ಸಂಗತಿ: ವಿಶ್ವಾಸರಾಯನಿಗೆ ತಗಲಬೇಕಿದ್ದ ಗುಂಡು ತಗಲುವುದಿಲ್ಲ. ಕವಲು ಎಲ್ಲಿ ಒಡೆಯಿತೆಂಬುದನ್ನು ಓದುಗ ಬೆರಳಿಟ್ಟು ತೋರಿಸಬಲ್ಲ. ಉಳಿದುದೆಲ್ಲ ಅದರ ಪರಿಣಾಮ.

ನಮ್ಮವರು ಈ ಪ್ರಕಾರಕ್ಕೆ ಪೂರ್ವಜರನ್ನು ಹುಡುಕುವಾಗ ನಾಗಚಂದ್ರನ ಕಡೆಗೆ ಕೈ ತೋರಿಸುವುದುಂಟು. ಅವನಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಇದು ತಪ್ಪು ವಂಶಾವಳಿ. ಜೈನ ಪುರಾಣಕಾರ ಪರ್ಯಾಯವನ್ನು ಹೇಳುತ್ತಿಲ್ಲ. ನಡೆದದ್ದೇ ಹೀಗೆ, ನೀವು ಕೇಳಿರುವುದು ಸರಿಯಲ್ಲ ಎನ್ನುತ್ತಿದ್ದಾನೆ. ಅದು ವಾದ, ಊಹೆಯಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿ, ಕೊನೆಯಲ್ಲಿ ಸುಭದ್ರೆಗೆ ಪಟ್ಟ ಕಟ್ಟಿಸಿದ ಪಂಪ ಇವರಿಗೆ ಹೆಚ್ಚು ಹತ್ತಿರದವನು. ಅರಿಕೇಸರಿಯನ್ನು ಅರ್ಜುನನಾಗಿಸಿದ ಮೇಲೆ ಕತೆಯಲ್ಲಿ ಏನೇನು ಬದಲಾಗಲೇಬೇಕೆಂಬುದರ ಲೆಕ್ಕ ಆತನಿಗೆ ಗೊತ್ತಿತ್ತು.

ನನ್ನ ವಿದ್ಯಾರ್ಥಿ ತಪ್ಪಿದ್ದು ಈ ಲೆಕ್ಕದಲ್ಲಿಯೇ. 1565ರಲ್ಲಿ ವಿಜಯನಗರ ಮುಗಿದುಹೋಯಿತೆಂದು ಅವನು ನಂಬಿದ್ದಾನೆ. ತಿರುಮಲರಾಯ ಪೆನುಕೊಂಡೆಗೆ ಹೋದ. ಅರವೀಡು ವಂಶ ಮುಂದಿನ ಶತಮಾನದವರೆಗೂ ಆಳಿತು. ಪೆನುಕೊಂಡೆ ಕೋಲಾರದವರಿಗೆ ದೂರದ ಊರೂ ಅಲ್ಲ. ಇನ್ನು ರಾಮರಾಯ ಗೆದ್ದನೆಂದೇ ಇಟ್ಟುಕೊಳ್ಳೋಣ. ಆಗ 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಳ್ಳುವುದು ಸಾಧ್ಯವಿತ್ತೇ? ಅದಿಲ್ಲದಿದ್ದರೆ ನಾವು ಬಲ್ಲ ಮೈಸೂರು ಇಲ್ಲ. 1891ರ ಪ್ರಾಚ್ಯ ಪುಸ್ತಕಾಲಯವೂ ಇಲ್ಲ, ಅಲ್ಲಿಂದ ಶಾಮಶಾಸ್ತ್ರಿಗಳು 1909ರಲ್ಲಿ ಹೊರತಂದ ಅರ್ಥಶಾಸ್ತ್ರವೂ ಇಲ್ಲ. ಅವನ ಮೂರನೆಯ ಸಂಪುಟದಲ್ಲಾದರೋ ಮೈಸೂರು ದಸರೆ ಹಿಂದೆಂದಿಗಿಂತ ವೈಭವದಿಂದ ನಡೆಯುತ್ತದೆ! ಗೆಲುವಿನ ಬೆಲೆಯನ್ನು ತೆರಲು ಒಪ್ಪದ ಕಾದಂಬರಿ ಪರ್ಯಾಯ ಇತಿಹಾಸವಾಗಲಾರದು. ಅದು ಹಳೆಯ ಸೋಲಿಗೆ ಕಾಗದದ ಮೇಲೆ ತೀರಿಸಿಕೊಂಡ ಸೇಡು. ಸೇಡಿನ ಕಥನದಲ್ಲಿ ಎದುರಾಳಿಗಳಿಗೆ ಮುಖವಿರುವುದಿಲ್ಲ; ಇವನ ಐನೂರು ಪುಟಗಳಲ್ಲಿ ಸುಲ್ತಾನರ ಕಡೆಯ ಒಬ್ಬ ಸೈನಿಕನಿಗೂ ಹೆಸರಿಲ್ಲ.

ಕವಲುಗಳು ಬೇಕಾದರೆ ಕುರುಡುಮಲೆಯಿಂದ ಸುಮಾರು 10 ಕಿ.ಮೀ. ದೂರದ ಮುಳಬಾಗಿಲಿನಲ್ಲಿಯೇ ಇವೆ. 1768ರಲ್ಲಿ ಹೈದರಾಲಿಗೂ ಕಂಪನಿಯ ಸೈನ್ಯಕ್ಕೂ ಕಾಳಗವಾದದ್ದು ಅಲ್ಲಿ; ಅದನ್ನು ಸದ್ಯಕ್ಕೆ ಬಿಡೋಣ. ಅದಕ್ಕೂ ನಾಲ್ಕು ಶತಮಾನ ಮುಂಚೆ ಬುಕ್ಕರಾಯನ ಮಗ ಕಂಪಣ ಮುಳುವಾಯಿಯಿಂದ ಆಳುತ್ತಿದ್ದ. ಅವನು ತೆಂಕಣಕ್ಕೆ ದಂಡೆತ್ತಿ ಹೋಗಿ ಮಧುರೆಯ ಸುಲ್ತಾನರನ್ನು ಸೋಲಿಸಿದ್ದನ್ನು ಅವನ ರಾಣಿ ಗಂಗಾದೇವಿ ಸಂಸ್ಕೃತದಲ್ಲಿ ಕಾವ್ಯವಾಗಿಸಿದಳು. 1371ರಲ್ಲಿ ಶ್ರೀರಂಗದ ಉತ್ಸವಮೂರ್ತಿ ತನ್ನ ಗುಡಿಗೆ ಮರಳಿದ್ದು ಈ ದಂಡಯಾತ್ರೆಯ ಫಲ.

ಅದೇ ಅವಧಿಯಲ್ಲಿ, 1368ರಲ್ಲಿ, ಶ್ರೀವೈಷ್ಣವರ ವಿರುದ್ಧ ಜೈನರು ಬುಕ್ಕರಾಯನಲ್ಲಿ ದೂರು ಕೊಟ್ಟರು. ಅರಸು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಮನೆಗೊಂದರಂತೆ ವರ್ಷಕ್ಕೊಂದು ಹಣವನ್ನು ಜೈನರು ಕೊಡಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನದಲ್ಲಿ ಇದೆಲ್ಲ ಇದೆ. ಒಪ್ಪಂದಕ್ಕೆ ಸಾಕ್ಷಿಯಾದ ಶ್ರೀವೈಷ್ಣವ ಕ್ಷೇತ್ರಗಳಲ್ಲಿ 'ಕೋವಿಲ್', ಎಂದರೆ ಶ್ರೀರಂಗ, ಮೊದಲನೆಯದು.

ಈಗ ಕವಲು ಒಡೆಯಲಿ. ಕಂಪಣ ಮುಳಬಾಗಿಲಿನಿಂದ ತೆಂಕಣಕ್ಕೆ ಹೊರಡಲೇ ಇಲ್ಲವೆನ್ನೋಣ. ಅಪ್ಪನ ತೀರ್ಪಿಗೆ ಶ್ರೀರಂಗದವರು ಅಷ್ಟೇ ಸುಲಭವಾಗಿ ತಲೆಬಾಗುತ್ತಿದ್ದರೇ? ತಲೆಬಾಗದಿದ್ದರೆ ಆ ಇಪ್ಪತ್ತು ಕಾವಲಾಳುಗಳಿಲ್ಲ, ಸುಣ್ಣ ಕಾಣದ ಬಸದಿಗಳು, ಕೊಡಬೇಕಿಲ್ಲದ ಹಣವನ್ನು ಕೈಯಲ್ಲಿ ಹಿಡಿದು ಹೆದರಿ ಕುಳಿತ ಒಂದು ಮನೆ. ಆ ಮನೆಯ ಕಾದಂಬರಿಯನ್ನು ಯಾರಾದರೂ ಬರೆಯಬಾರದೇ ಎಂದು ನಾನು ಬಹುಕಾಲದಿಂದ ಕಾದಿದ್ದೇನೆ.

ಇದನ್ನೆಲ್ಲ ನನ್ನ ವಿದ್ಯಾರ್ಥಿಗೆ ಹೇಳಿದೆ. 'ಇದರಲ್ಲಿ ಯುದ್ಧವೇ ಇಲ್ಲವಲ್ಲ ಸರ್, ಯಾರು ಕೊಳ್ಳುತ್ತಾರೆ?' ಎಂದ. ಮುನ್ನುಡಿ ಬರೆಯಲಾರೆನೆಂದು ತಿಳಿಸಿ, ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟವನ್ನು ಕೈಗಿತ್ತು ಕಳುಹಿಸಿದೆ. ಪುಸ್ತಕ ಇನ್ನೂ ಹಿಂದಿರುಗಿಲ್ಲ.