ಮೊದಲು ಓಡಿ ಬಂದವನ ಹೆಸರೇನು?

ಕಳೆದ ವಾರ ಮದ್ದೂರಿಗೆ ಹೋದಾಗ ನಮ್ಮ ಬೀದಿಯ ಸೈಕಲ್ ಷಾಪ್ ಬಾಗಿಲು ಹಾಕಿತ್ತು. "ತೀರ್ಕಂಡ್ರು ಕಣಪ್ಪ, ಮೂರು ತಿಂಗ್ಳಾಯ್ತು" ಅಂದರು ಅಮ್ಮ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ...

ಪಂಕ್ಚರ್ ಹಾಕುವುದು ಅವರ ಕಸುಬು. ಆದರೆ ಆಲೆಮನೆಯ ಸಿಪ್ಪೆಗೆ ಕಿಡಿ ಬಿದ್ದರೂ, ಹುಲ್ಲಿನ ಮೆದೆ ಹತ್ತಿಕೊಂಡರೂ ಮೊದಲು ಓಡುತ್ತಿದ್ದವರು ಅವರೇ. ಸಂಬಳ ಇಲ್ಲ, ಯೂನಿಫಾರ್ಮ್ ಇಲ್ಲ. ಎರಡು ಬಕೆಟ್, ಒದ್ದೆ ಗೋಣಿಚೀಲ, ಒಂದು ಕೊಕ್ಕೆ ಗಳ. "ಉರಿಯೋದ್ನ ಬಿಡ್ರಲಾ, ಉಳಿಯೋದ್ನ ಎಳೀರಿ!" ಅಂತ ಕೂಗಿ ಪಕ್ಕದ ಮೆದೆಯನ್ನು ಬೇರೆ ಮಾಡಿಸುತ್ತಿದ್ದರು. ಫೈರ್ ಇಂಜಿನ್ ಬರುವವರೆಗೆ ನಮಗಿದ್ದ ಅಗ್ನಿಶಾಮಕ ದಳ ಅವರೊಬ್ಬರೇ.

ಈಗ ಜಗಳಕ್ಕೆ ಬರುತ್ತೇನೆ. ಮಂಡ್ಯದವರಾದ ನಾವು ಅಭಿಮಾನಕ್ಕೆ ಹೆಸರುವಾಸಿ ಅಲ್ವಾ? 2018ರ ನವೆಂಬರ್ 24 ನೆನಪಿದೆಯಾ? ಆ ರಾತ್ರಿ ಅಂಬರೀಶ್ ತೀರಿಕೊಂಡರು. ನಮ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ನಾನೂ ಅತ್ತಿದ್ದೇನೆ. ಅದೇ ದಿನ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆ ಮಕ್ಕಳೂ ಇದ್ದರು. ಮೊದಲು ಓಡಿ ಬಂದವರು ಅಕ್ಕಪಕ್ಕದ ಹೊಲಗಳ ರೈತರು. ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ? ನನಗೂ ಗೊತ್ತಿಲ್ಲ! ಅಂಬರೀಶ್ ಸ್ಮಾರಕ ಬೇಡ ಅನ್ನುತ್ತಿಲ್ಲ. ಒಬ್ಬರಿಗಾಗಿ ಇಷ್ಟು ಅತ್ತ ಜಿಲ್ಲೆಗೆ ಇನ್ನೊಬ್ಬರ ಹೆಸರು ಕೇಳುವಷ್ಟೂ ಪುರುಸೊತ್ತಿರಲಿಲ್ಲವಾ?

ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರನ್ನು ನೋಡಿ. ಕುರಿ ಕಾಯುತ್ತಾ ಬೆಟ್ಟದಲ್ಲಿ 12ಕ್ಕೂ ಹೆಚ್ಚು ಕಟ್ಟೆ ತೋಡಿದರು. 2020ರಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ ಮೇಲೆ ನಾವೆಲ್ಲ ಫೋಟೋ ಶೇರ್ ಮಾಡಿದೆವು. ನಮ್ಮವನನ್ನು ಗುರುತಿಸಲು ದೆಹಲಿಯ ರೇಡಿಯೋ ಬೇಕಾಯಿತು. 2022ರಲ್ಲಿ ಅವರು ಹೋದರು.

"ಅಂಥವರು ಹೆಸರಿಗಾಗಿ ಮಾಡಲ್ಲ ಕಣೋ" ಅಂತ ಗೆಳೆಯನೊಬ್ಬ ಹೇಳಿದ. ಸರಿ, ಅವರಿಗೆ ಬೇಡ. ನಮಗೆ ಬೇಕು! ಬೆಂಜಮಿನ್ ಫ್ರಾಂಕ್ಲಿನ್ ಕಸುಬಿನಲ್ಲಿ ಮುದ್ರಕ. 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಅಕ್ಕಪಕ್ಕದವರನ್ನು ಸೇರಿಸಿ ಬೆಂಕಿ ಆರಿಸುವ ಸಂಘ ಕಟ್ಟಿದ. ಅಮೆರಿಕದ ಅಗ್ನಿಶಾಮಕರಲ್ಲಿ ಇವತ್ತಿಗೂ ಅರ್ಧಕ್ಕಿಂತ ಹೆಚ್ಚು ಜನ ಸ್ವಯಂಸೇವಕರು. ಬಡಗಿ, ಮೆಕ್ಯಾನಿಕ್, ಅಂಗಡಿಯವರು. ಅವರಿಗೆ ತರಬೇತಿ ಇದೆ, ಹೆಲ್ಮೆಟ್ ಇದೆ, ಸತ್ತರೆ ಊರೇ ನಿಂತು ಗೌರವ ಕೊಡುತ್ತದೆ. ನಮ್ಮಲ್ಲಿ ಧೈರ್ಯಕ್ಕೆ ಕೊರತೆ ಇಲ್ಲ, ಲೆಕ್ಕ ಇಡುವವರಿಲ್ಲ ಅಷ್ಟೇ. ಲೆಕ್ಕ ಇಡದಿದ್ದರೆ ಯಾರಿಗೆ ಹಗ್ಗ ಕೊಡಬೇಕು, ಯಾರಿಗೆ ಲೈಫ್ ಜಾಕೆಟ್ ಕೊಡಬೇಕು, ಯಾರಿಗೆ ಕಲಿಸಬೇಕು ಅಂತ ಹೇಗೆ ತಿಳಿಯುತ್ತೆ?

ನಾನು ಕೇಳೋದು ಪ್ರತಿಮೆಯಲ್ಲ. ಪಂಚಾಯ್ತಿ, ಪುರಸಭೆ ಗೋಡೆ ಮೇಲೆ ಒಂದು ಬೋರ್ಡು: ಈಜು ಬಲ್ಲವರು, ಬೆಂಕಿಗೆ ಓಡುವವರು, ಅವರ ಹೆಸರು. ವರ್ಷಕ್ಕೆರಡು ದಿನ ತರಬೇತಿ. ಅಷ್ಟೇ.

ಅಂದ ಹಾಗೆ, ಸೈಕಲ್ ಷಾಪಿನವರ ಬಗ್ಗೆ ಬರೆಯಲು ಕೂತಾಗ ಅವರ ಪೂರ್ತಿ ಹೆಸರು ನನಗೇ ಗೊತ್ತಿಲ್ಲ ಅಂತ ಗೊತ್ತಾಯಿತು. ಇಪ್ಪತ್ತು ವರ್ಷ 'ಅಣ್ಣ' ಅಂದಿದ್ದೆ. ಬೈಗುಳದಲ್ಲಿ ಮೊದಲ ಪಾಲು ನನ್ನದೇ.

ನಿಮ್ಮೂರಲ್ಲಿ ಅಂಥವರಿದ್ದರೆ ಇವತ್ತೇ ಹೋಗಿ ಹೆಸರು ಕೇಳಿ. ಬಾಗಿಲು ಹಾಕುವ ಮೊದಲು.